‘ಆಗುತ್ತೆ’ ಮತ್ತು ‘ಆಯ್ತು’: ಸಾಫ್ಟ್‌ವೇರ್ ತಂಡದವರಿಗೊಂದು ಮಾತಿನ ಕೈಪಿಡಿ

ಗುರುವಾರ ಸಂಜೆ ಮ್ಯಾನೇಜರ್ ಬಂದು ಕೇಳುತ್ತಾರೆ, “ಸೋಮವಾರಕ್ಕೆ ಆಗುತ್ತಾ?” ನಾವು ಸ್ಕ್ರೀನಿನಿಂದ ಕಣ್ಣು ಕೀಳದೆ, “ಆಗುತ್ತೆ ಸರ್.” ಸೋಮವಾರ ಬೆಳಿಗ್ಗೆ ಅವರೇ ಮತ್ತೆ, “ಆಯ್ತಾ?” “ಆಯ್ತು ಸರ್, ಸ್ವಲ್ಪ ಇದೆ.”

ಆಯ್ತು, ಆದರೆ ಸ್ವಲ್ಪ ಇದೆ! ಹದಿನಾಲ್ಕು ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತ, ಈಚೆಗೆ ಬರೆಸುತ್ತ ಇದ್ದೇನೆ. ತಂಡದೊಳಗಿನ ಜಗಳಗಳ ಬೇರು ಕೆದಕಿದಾಗಲೆಲ್ಲ ಸಿಕ್ಕಿದ್ದು ಇಂಥದೇ ಒಂದು ಮಾತು. ಒಬ್ಬರು ಒಂದು ಅರ್ಥದಲ್ಲಿ ಆಡಿದ್ದು, ಇನ್ನೊಬ್ಬರು ಇನ್ನೊಂದು ಅರ್ಥದಲ್ಲಿ ಹಿಡಿದದ್ದು. ಕೋಪ, ಜಂಬ, ಆಫೀಸ್ ರಾಜಕೀಯ ಎಲ್ಲ ಆಮೇಲೆ ಬಂದು ಸೇರಿಕೊಂಡವು.

‘ಆಗುತ್ತೆ’ ಅನ್ನುವುದನ್ನೇ ನೋಡಿ. “ಖಂಡಿತ ಮುಗಿಸ್ತೀನಿ” ಎಂಬ ಅರ್ಥ ಅದಕ್ಕುಂಟು. “ಪ್ರಯತ್ನ ಮಾಡ್ತೀನಿ” ಎಂಬುದೂ ಉಂಟು. “ಎಲ್ಲರೆದುರು ಆಗಲ್ಲ ಅನ್ನೋಕೆ ನಾಲಿಗೆ ಬರ್ತಿಲ್ಲ” ಎಂಬುದೂ ಉಂಟು, “ಈ ಮೀಟಿಂಗ್ ಒಮ್ಮೆ ಮುಗಿದರೆ ಸಾಕಪ್ಪ” ಎಂಬುದೂ ಉಂಟು. ಮದುವೆಗೆ ಕರೆಯಲು ಬಂದವರಿಗೆ “ನೋಡೋಣ, ಬರೋ ಪ್ರಯತ್ನ ಮಾಡ್ತೀವಿ” ಅಂದರೆ ಬರುವುದಿಲ್ಲವೆಂದು ಎರಡೂ ಕಡೆಯವರಿಗೆ ತಿಳಿಯುತ್ತದೆ. ಅದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಪುಣೆಯ ಟೆಸ್ಟರಿಗೋ ಕ್ಯಾಲಿಫೋರ್ನಿಯಾದ ಕ್ಲೈಂಟಿಗೋ ಹೇಳಿದರೆ, ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ.

ಮುಂದಿನ ಹೆಜ್ಜೆಗಳು ಐದರಿಂದ ಹತ್ತು ಜನರ ತಂಡಕ್ಕೆ ಒಗ್ಗುತ್ತವೆ. ಎಲ್ಲವನ್ನೂ ಒಂದೇ ವಾರದಲ್ಲಿ ತರಲು ಹೋಗಬೇಡಿ, ಜನ ಓಡಿಹೋಗುತ್ತಾರೆ.

ಹೆಜ್ಜೆ 1: ‘ಆಯ್ತು’ ಅಂದರೆ ಏನೆಂದು ಮೊದಲೇ ಗೊತ್ತುಮಾಡಿಕೊಳ್ಳಿ

ನಾನಿದ್ದ ಒಂದು ತಂಡದಲ್ಲಿ ರೀಫಂಡ್ ಕೊಡುವ ಪುಟವೊಂದನ್ನು ಕಟ್ಟುತ್ತಿದ್ದೆವು. ಕೋಡ್ ಬರೆದ ಹುಡುಗ ಬೆಳಗಿನ ಸ್ಟ್ಯಾಂಡಪ್‌ನಲ್ಲಿ, ಅಂದರೆ ಯಾರ ಕೆಲಸ ಎಲ್ಲಿಗೆ ಬಂತೆಂದು ಹೇಳುವ ಪುಟ್ಟ ಸಭೆಯಲ್ಲಿ, “ಆಯ್ತು” ಅಂದ. ತನ್ನ ಲ್ಯಾಪ್‌ಟಾಪಿನಲ್ಲಿ ಓಡಿತು ಎಂಬುದು ಅವನ ಅರ್ಥ. ರಿವ್ಯೂ (ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವುದು) ಮುಗಿದಿದೆ ಎಂದು ನಾನು ತಿಳಿದೆ. ಟೆಸ್ಟಿಂಗ್ ಆಗಿದೆ ಎಂದು ಮ್ಯಾನೇಜರ್ ತಿಳಿದರು. ರಾತ್ರಿ ಒಂಬತ್ತೂವರೆಯ ಕಾಲ್‌ನಲ್ಲಿ ಕ್ಲೈಂಟ್ ಪುಟ ತೆರೆದರು. ಹಳೆಯ ಪುಟವೇ ಇತ್ತು. ಯಾರೂ ಮಾತಾಡಲಿಲ್ಲ, ಯಾರದೋ ಮನೆಯ ಕುಕ್ಕರ್ ಕೂಗಿದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ಮುಂದಿನ ಮೂರು ದಿನ ಆ ತಂಡದಲ್ಲಿ ನಡೆದದ್ದು ಕೆಲಸವಲ್ಲ, ಯಾರು ಸುಳ್ಳು ಹೇಳಿದರು ಎಂಬ ವಿಚಾರಣೆ. ನಿಜವೆಂದರೆ ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲೆ ನಾವು ಮಾಡಿದ್ದು ಇಷ್ಟೇ. ‘ಆಯ್ತು’ ಎಂಬ ಪದವನ್ನು ಸ್ಟ್ಯಾಂಡಪ್‌ನಿಂದ ತೆಗೆದೆವು. ಅದರ ಜಾಗದಲ್ಲಿ ಐದು ಮಾತು ಬಂದವು: ಬರೆದಾಗಿದೆ, ರಿವ್ಯೂ ಆಗಿದೆ, ಮರ್ಜ್ ಆಗಿದೆ (ತಂಡದ ಕೋಡಿಗೆ ಸೇರಿದೆ), ಟೆಸ್ಟ್ ಆಗಿದೆ, ಲೈವ್ ಆಗಿದೆ (ಗ್ರಾಹಕರ ಕೈಗೆ ಹೋಗಿದೆ). ಕೆಲಸಗಳ ಪಟ್ಟಿಯಿರುವ ಬೋರ್ಡಿನ ಕಾಲಂಗಳ ಹೆಸರೂ ಇವೇ. ಮೊದಲ ವಾರ ಯಾರಾದರೂ ಬಾಯಿತಪ್ಪಿ “ಆಯ್ತು” ಅಂದರೆ ಉಳಿದವರು ಒಟ್ಟಿಗೆ “ಏನಾಯ್ತು?” ಎಂದು ಕೇಳುತ್ತಿದ್ದರು. ಎರಡನೇ ವಾರ ಕೇಳಬೇಕಾಗಲಿಲ್ಲ.

ಹೆಜ್ಜೆ 2: ಚಾಟ್‌ನಲ್ಲಿ ಬರೀ ‘ಹಾಯ್’ ಕಳಿಸಬೇಡಿ

ಎದುರಿಗೆ ಸಿಕ್ಕವರನ್ನು ನೇರ ಕೆಲಸದ ಮಾತಿನಿಂದ ಶುರುಮಾಡಿದರೆ ಒರಟು ಅನ್ನಿಸುತ್ತದೆ ನಮಗೆ. ಆದ್ದರಿಂದ ಚಾಟ್‌ನಲ್ಲೂ “ಹಾಯ್” ಎಂದು ಕಳಿಸಿ ಕಾಯುತ್ತೇವೆ. ಅತ್ತಲಿನವರು ಒಂದು ಗಂಟೆ ಬಿಟ್ಟು “ಹೇಳಿ” ಅನ್ನುತ್ತಾರೆ. ಅಷ್ಟರಲ್ಲಿ ನಾವು ಊಟಕ್ಕೆ ಹೋಗಿರುತ್ತೇವೆ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಒಂದು ‘ಹಾಯ್’ಗೆ ಪೂರ್ತಿ ಒಂದು ದಿನ ಹೋಗುತ್ತದೆ.

ನಮಸ್ಕಾರ, ಪ್ರಶ್ನೆ ಎರಡೂ ಒಂದೇ ಮೆಸೇಜಿನಲ್ಲಿರಲಿ. ಹೀಗೆ (ಎಪಿಐ ಎಂದರೆ ಒಂದು ಸಾಫ್ಟ್‌ವೇರು ಇನ್ನೊಂದನ್ನು ಕೇಳುವ ಬಾಗಿಲು, 500 ಎಂದರೆ ಸರ್ವರಿನ ದೋಷ, ಸ್ಟೇಜಿಂಗ್ ಎಂದರೆ ಪರೀಕ್ಷೆಗಿಟ್ಟ ಪ್ರತಿ): “ಹಾಯ್, ರೀಫಂಡ್ ಎಪಿಐ 500 ಕೊಡುತ್ತಿದೆ. ಬೆಳಿಗ್ಗೆ 10:20ರಿಂದ, ಸ್ಟೇಜಿಂಗ್‌ನಲ್ಲಿ ಮಾತ್ರ. ಟೋಕನ್ ಬದಲಿಸಿ ನೋಡಿದೆ, ಹೋಗಲಿಲ್ಲ. ಲಾಗ್ ಕೆಳಗೆ ಹಾಕಿದ್ದೇನೆ. ನಿನ್ನೆಯ ಕಾನ್ಫಿಗ್ ಬದಲಾವಣೆಯಿಂದ ಇರಬಹುದೇ? ಇವತ್ತು 4ರೊಳಗೆ ಉತ್ತರ ಸಿಕ್ಕರೆ ಸಾಕು.” ಏನಾಗಿದೆ, ಏನು ಮಾಡಿ ನೋಡಿದ್ದಾಯಿತು, ಏನು ಬೇಕು, ಯಾವಾಗ ಬೇಕು. ಇಷ್ಟನ್ನು ಬರೆಯುವಾಗಲೇ ಎಷ್ಟೋ ಸಲ ಉತ್ತರ ನಮಗೇ ಹೊಳೆದು ಮೆಸೇಜ್ ಅಳಿಸಿಬಿಡುತ್ತೇವೆ.

ಹೆಜ್ಜೆ 3: ಕೋಡಿಗೆ ಮೊದಲು ಅರ್ಧ ಪುಟ

ಎರಡು ದಿನಕ್ಕಿಂತ ಹೆಚ್ಚಿನ ಕೆಲಸವಾದರೆ ಅರ್ಧ ಪುಟ ಬರೆಯಿರಿ: ಏನು ಮಾಡುತ್ತೇವೆ, ಯಾಕೆ, ಏನು ಮಾಡುವುದಿಲ್ಲ. ‘ಏನು ಮಾಡುವುದಿಲ್ಲ’ ಎಂಬ ಮೂರು ಸಾಲೇ ಇಡೀ ಪುಟದಲ್ಲಿ ಹೆಚ್ಚು ಬೆಲೆಬಾಳುವುದು. “ಭಾಗಶಃ ರೀಫಂಡ್ ಈ ಸಲ ಇಲ್ಲ” ಎಂದು ಅಲ್ಲಿ ಬರೆದಿದ್ದರೆ ಕೊನೆಯ ದಿನ “ಅದೂ ಇರುತ್ತೆ ಅಂದ್ಕೊಂಡಿದ್ದೆ” ಎಂಬ ಮಾತು ಬರುವುದಿಲ್ಲ.

ಅಳತೆ, ದಿನಾಂಕ, ಹಣದ ವಿಷಯದಲ್ಲಿ ‘ಎಲ್ಲರಿಗೂ ಗೊತ್ತೇ ಇದೆ’ ಎನ್ನುವುದನ್ನೇ ಮೊದಲು ಬರೆಯಿರಿ. 03/04 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಹೋಗಿ ಕಳೆದುಹೋದದ್ದು ಇಂಥ ‘ಗೊತ್ತೇ ಇದೆ’ಯಿಂದಲೇ. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್‌ನ ಸಾಫ್ಟ್‌ವೇರು ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಅದನ್ನು ಓದುವ ನಾಸಾದ ಜೆಪಿಎಲ್ ಪ್ರಯೋಗಾಲಯದ ಸಾಫ್ಟ್‌ವೇರು ನ್ಯೂಟನ್ ಎಂದು ಹಿಡಿದಿತ್ತು. ಒಂದಕ್ಕೆ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ತನಿಖಾ ಮಂಡಳಿ ಅಳತೆಯ ತಪ್ಪನ್ನಷ್ಟೇ ಹೇಳಿ ಬಿಡಲಿಲ್ಲ. ತಂಡಗಳ ನಡುವೆ ಮಾತುಕತೆ ಸಾಲದೆ ಹೋದದ್ದನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು.

ಹೆಜ್ಜೆ 4: ಅಂದಾಜು ಹೇಳುವ ಕ್ರಮ

ಇಲ್ಲಿ ನಿಧಾನಿಸಬೇಕು, ಯಾಕೆಂದರೆ ‘ಆಗುತ್ತೆ’ ಹುಟ್ಟುವುದೇ ಇಲ್ಲಿ.

ಕೆಲಸವನ್ನು ತುಂಡು ಮಾಡಿ. ಒಂದೊಂದು ತುಂಡೂ ಎರಡು ದಿನದೊಳಗಿರಬೇಕು. ತುಂಡಾಗದ ಕೆಲಸವೆಂದರೆ ನಮಗಿನ್ನೂ ಅರ್ಥವಾಗದ ಕೆಲಸ. ಆಮೇಲೆ ಪ್ಲಾನಿಂಗ್ ಪೋಕರ್ ಆಡಿ. ಇದನ್ನು 2002ರಲ್ಲಿ ಜೇಮ್ಸ್ ಗ್ರೆನಿಂಗ್ ರೂಪಿಸಿದರು. 1, 2, 3, 5, 8, 13 ಎಂದು ಬರೆದ ಚೀಟಿಗಳಲ್ಲಿ ಎಲ್ಲರೂ ಒಂದೊಂದನ್ನು ಆರಿಸಿ, ಒಟ್ಟಿಗೇ ತಿರುಗಿಸಿ ತೋರಿಸುವುದು. ಆಟದ ಗುಟ್ಟು ಆ ‘ಒಟ್ಟಿಗೇ’ಯಲ್ಲಿದೆ. ಲೀಡ್ ಮೊದಲು “ಎರಡು ದಿನ” ಎಂದುಬಿಟ್ಟರೆ ಹೊಸದಾಗಿ ಸೇರಿದ ಹುಡುಗಿ ಹದಿಮೂರು ಎನ್ನುವುದು ನಮ್ಮ ಕಡೆ ಸಾಧ್ಯವೇ ಇಲ್ಲ.

ನಮ್ಮಲ್ಲಿ ಒಮ್ಮೆ ಹೀಗಾಯಿತು. ಓಟಿಪಿ ಎಸ್ಸೆಮ್ಮೆಸ್ಸಿನಲ್ಲಿ ಒಂದು ಸಾಲು ಬದಲಿಸುವ ಕೆಲಸ. ನಾಲ್ವರು 1 ತೋರಿಸಿದರು, ಒಬ್ಬಳು 8. ನಾವೆಲ್ಲ ನಕ್ಕೆವು. ಅವಳು ಕೇಳಿದಳು, “ಡಿಎಲ್‌ಟಿಯಲ್ಲಿ ಟೆಂಪ್ಲೇಟ್ ಹೊಸದಾಗಿ ರಿಜಿಸ್ಟರ್ ಮಾಡೋದು ಯಾರು?” ಡಿಎಲ್‌ಟಿ ಎಂದರೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆ. ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2018ರ ನಿಯಮದ ಪ್ರಕಾರ ಕಂಪನಿಗಳು ಕಳಿಸುವ ಎಸ್ಸೆಮ್ಮೆಸ್ಸಿನ ಒಕ್ಕಣೆ ಮೊದಲೇ ನೋಂದಣಿಯಾಗಿರಬೇಕು, ಒಪ್ಪಿಗೆಯಿಲ್ಲದ ಒಕ್ಕಣೆ ಗ್ರಾಹಕರ ಫೋನ್ ಮುಟ್ಟುವುದಿಲ್ಲ. ಕೋಡ್ ಹತ್ತು ನಿಮಿಷದ್ದು, ಕಾಯುವುದು ದಿನಗಟ್ಟಲೆಯದು. ನಕ್ಕ ನಾಲ್ವರಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಅದಕ್ಕೇ ಚೀಟಿ ತೆರೆದ ಮೇಲೆ ಸರಾಸರಿ ತೆಗೆಯಬೇಡಿ. ಅತಿ ಹೆಚ್ಚು, ಅತಿ ಕಡಿಮೆ ತೋರಿಸಿದ ಇಬ್ಬರಿಗೆ ಮಾತಾಡಲು ಬಿಡಿ, ಉಳಿದವರು ಬಾಯಿ ಮುಚ್ಚಿ ಕೇಳಲಿ, ಆಮೇಲೆ ಇನ್ನೊಮ್ಮೆ ಚೀಟಿ ಎತ್ತಿ.

ಹೊರಗೆ ಹೇಳುವಾಗ ಒಂದೇ ಅಂಕಿ ಬೇಡ. “ಮೂರು ದಿನ; ಟೆಂಪ್ಲೇಟ್ ತಡವಾದರೆ ಎಂಟು” ಎನ್ನಿ. ‘ಆದರೆ’ ಜೊತೆಗಿದ್ದಾಗ ಅಂದಾಜು ಮಾತು ಕೊಟ್ಟಂತೆ ಕೇಳಿಸುವುದಿಲ್ಲ. ಮ್ಯಾನೇಜರ್ ಮೂರನ್ನಷ್ಟೇ ಕೇಳಿಸಿಕೊಂಡು ಎಂಟನ್ನು ಮರೆಯುತ್ತಾರೆ, ಗೊತ್ತು. ಅದಕ್ಕೇ ಮೀಟಿಂಗ್ ಮುಗಿದ ಕೂಡಲೇ ಅದೇ ವಾಕ್ಯವನ್ನು ಆ ಕೆಲಸದ ಟಿಕೆಟ್ಟಿನಲ್ಲಿ (ದಾಖಲೆಯಲ್ಲಿ) ಹಾಕಿ.

ಇನ್ನೊಂದು ಲೆಕ್ಕ. ಐದು ದಿನದ ವಾರವನ್ನು ನಾನು ಮೂರೂವರೆ ದಿನವೆಂದೇ ಹಿಡಿಯುತ್ತೇನೆ. ಉಳಿದದ್ದು ಮೀಟಿಂಗಿಗೆ, ಪ್ರೊಡಕ್ಷನ್ (ಗ್ರಾಹಕರು ಬಳಸುವ ವ್ಯವಸ್ಥೆ) ಬಗ್‌ಗಳಿಗೆ, ಹೊಸಬರಿಗೆ ಕೆಲಸ ತಿಳಿಸಿಕೊಡುವ ಕೆಟಿಗೆ ಹೋಗುತ್ತದೆ. ಅಕ್ಟೋಬರ್, ನವೆಂಬರಿನ ಯೋಜನೆಯಾದರೆ ಆಯುಧಪೂಜೆ, ದೀಪಾವಳಿ, ರಾಜ್ಯೋತ್ಸವ ನೋಡಿಕೊಳ್ಳಿ. ಅತ್ತ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಇರುತ್ತದೆ. ನಮ್ಮ ಕೆಲಸ ಬೇಗ ಮುಗಿಯುತ್ತದೆಂದು ನಾವೇ ನಂಬಿಕೊಳ್ಳುವ ಈ ಚಾಳಿಗೆ ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ‘ಪ್ಲಾನಿಂಗ್ ಫ್ಯಾಲಸಿ’ ಎಂದು ಹೆಸರಿಟ್ಟರು. ಅವರು ಹೇಳಿದ ಮದ್ದು ಸುಲಭದ್ದು: ಈ ಕೆಲಸ ಎಷ್ಟು ದಿನ ಹಿಡಿಯುತ್ತದೆಂದು ಮನಸ್ಸಿನಲ್ಲಿ ಲೆಕ್ಕ ಹಾಕುವುದಕ್ಕಿಂತ, ಇಂಥದೇ ಕೆಲಸ ಹಿಂದೆ ಎಷ್ಟು ದಿನ ಹಿಡಿಯಿತೆಂದು ತೆಗೆದು ನೋಡುವುದು. ಅದಕ್ಕೆ ಬೇಕಾದ ದಾಖಲೆ ಕೆಲಸದ ಲೆಕ್ಕವಿಡುವ ನಿಮ್ಮ ಜಿರಾದಲ್ಲೇ ಬಿದ್ದಿದೆ.

ಹೆಜ್ಜೆ 5: ತಡವಾಗುವುದಾದರೆ ಬೇಗ ಹೇಳಿ

ಮೂರು ದಿನದ ಕೆಲಸದಲ್ಲಿ ಒಂದು ದಿನ ಕಳೆದು ಏನೂ ಸಾಗಿಲ್ಲವೆಂದರೆ ಅಂದೇ ಹೇಳಬೇಕು, ಮೂರನೇ ದಿನ ಸಂಜೆಯಲ್ಲ. ಹೇಳುವಾಗ ಕ್ಷಮೆ ಬೇಡ, ಆಯ್ಕೆ ಕೊಡಿ: “ಶುಕ್ರವಾರಕ್ಕೆ ಪೂರ್ತಿ ಕೊಡಲು ಆಗುವುದಿಲ್ಲ. ಪಟ್ಟಿ ತೋರಿಸುವುದನ್ನು ಶುಕ್ರವಾರ ಕೊಡಬಲ್ಲೆ, ಡೌನ್‌ಲೋಡ್ ಬುಧವಾರ. ಅಥವಾ ಎರಡೂ ಬುಧವಾರ. ಯಾವುದು?”

ಆಗ ಕೆಲವು ಮ್ಯಾನೇಜರುಗಳು “ಇನ್ನಿಬ್ಬರನ್ನು ಕೊಡ್ತೀನಿ” ಅನ್ನುತ್ತಾರೆ. ಐಬಿಎಂನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ಮಾತು ಇನ್ನೂ ಹಳತಾಗಿಲ್ಲ: ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಲೆಕ್ಕ ಹಾಕಿ ನೋಡಿ. ಐದು ಜನರಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿ ಹತ್ತು, ಎಂಟು ಜನರಲ್ಲಿ ಇಪ್ಪತ್ತೆಂಟು, ಹತ್ತು ಜನರಲ್ಲಿ ನಲವತ್ತೈದು. ಹೊಸಬರಿಗೆ ಕೆಲಸ ಕಲಿಸಬೇಕಾದವರೂ ಆ ತಡವಾಗಿರುವ ಕೆಲಸದಲ್ಲಿ ಮುಳುಗಿರುವವರೇ.

ಹೆಜ್ಜೆ 6: ರಿವ್ಯೂ ಕಾಮೆಂಟು

ಬಾಯಿಮಾತಿನ ಜಗಳ ಸಂಜೆಗೆ ಆರುತ್ತದೆ. ಪುಲ್ ರಿಕ್ವೆಸ್ಟಿನಲ್ಲಿ (ಪಿಆರ್, ಅಂದರೆ ನನ್ನ ಕೋಡನ್ನು ಸೇರಿಸಿಕೊಳ್ಳಿ ಎಂದು ಕಳಿಸುವ ಕೋರಿಕೆ) ಬರೆದ ಚುಚ್ಚುಮಾತು ಮೂರು ವರ್ಷ ಬಿಟ್ಟು ಹುಡುಕಿದರೂ ಅಲ್ಲೇ ಇರುತ್ತದೆ.

ನಮ್ಮ ಕಾಮೆಂಟುಗಳೆಲ್ಲ ಇಂಗ್ಲಿಷಿನವು, ಆದರೆ ದನಿ ಮಾತ್ರ ನಮ್ಮದೇ. “ವೈ?” ಎಂದು ಒಂದೇ ಪದ ಬರೆದರೆ ಓದುವವರಿಗೆ ಕೇಳಿಸುವುದು ಹೈಸ್ಕೂಲು ಮೇಷ್ಟ್ರ “ಯಾಕೋ?”. ಅದನ್ನೇ ಹೀಗೆ ಬರೆಯಬಹುದು: “ಪಟ್ಟಿ ಖಾಲಿ ಬಂದರೆ 42ನೇ ಸಾಲಿನಲ್ಲಿ ಬೀಳುತ್ತದೆ ಅಂತ ಕಾಣುತ್ತೆ. ಮೇಲೆ ಒಂದು ಪರೀಕ್ಷೆ ಹಾಕಬಹುದಾ? ಅಥವಾ ಖಾಲಿ ಬರುವುದೇ ಇಲ್ಲವಾ?” ಕೊನೆಯ ಪ್ರಶ್ನೆ ಮುಖ್ಯ. ನಮಗೆ ಗೊತ್ತಿಲ್ಲದ ಏನೋ ಬರೆದವರಿಗೆ ಗೊತ್ತಿರಬಹುದು ಎಂಬುದಕ್ಕೆ ಅದು ಜಾಗ ಬಿಡುತ್ತದೆ. ‘ನೀನು’ ಬಿಟ್ಟು ಕೋಡಿನ ಬಗ್ಗೆ ಬರೆಯಿರಿ: “ನೀನು ಮರೆತಿದೀಯ” ಬೇಡ, “ಇಲ್ಲಿ ಟೈಮೌಟ್ ಇಲ್ಲ” ಸಾಕು.

ಪ್ರತಿ ಕಾಮೆಂಟಿಗೂ ತೂಕದ ಚೀಟಿ ಅಂಟಿಸಿ. ತಿದ್ದದೆ ಮರ್ಜ್ ಮಾಡಬಾರದೆಂದರೆ ‘ಬ್ಲಾಕರ್’, ತಿಳಿಯಲು ಕೇಳಿದ್ದಾದರೆ ‘ಪ್ರಶ್ನೆ’, ಹೆಸರು ಚೆನ್ನಾಗಿಲ್ಲ ಎಂಬಂಥ ಕಿರಿಕಿರಿಯಾದರೆ ‘ನಿಟ್’. ಗೂಗಲ್ ಹೊರಗಿನವರಿಗೂ ಓದಲು ಬಿಟ್ಟಿರುವ ತನ್ನ ರಿವ್ಯೂ ಮಾರ್ಗದರ್ಶಿಯಲ್ಲಿ ಈ ‘ನಿಟ್’ ರೂಢಿಯನ್ನು ಹೇಳುತ್ತದೆ. ರಿವ್ಯೂಗೆ ಹೆಚ್ಚೆಂದರೆ ಒಂದು ಕೆಲಸದ ದಿನದೊಳಗೆ ಉತ್ತರಿಸಬೇಕೆಂದೂ ಹೇಳುತ್ತದೆ. ನನ್ನ ಅನುಭವದಲ್ಲಿ ಕಟುವಾದ ಕಾಮೆಂಟಿಗಿಂತ ಹೆಚ್ಚು ಮನಸ್ತಾಪ ತಂದದ್ದು ನಾಲ್ಕು ದಿನ ಯಾರೂ ಮುಟ್ಟದೆ ಕೊಳೆತ ಪಿಆರ್. ಅದು ಕೊಳೆಯದಿರಬೇಕಾದರೆ ಬರೆಯುವವರೂ ಸಣ್ಣದಾಗಿ ಕಳಿಸಬೇಕು. ಎರಡು ಸಾವಿರ ಸಾಲು ಕಳಿಸಿದರೆ ಯಾರೂ ಓದುವುದಿಲ್ಲ, ಕಣ್ಣುಮುಚ್ಚಿ ಅಪ್ರೂವ್ ಒತ್ತುತ್ತಾರೆ.

ಕಟುಮಾತಿಗೆ ಹೆಸರಾದವರೂ ದಾರಿ ಬದಲಿಸಿದ್ದುಂಟು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲನ್ನು ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಮೇಲಿಂಗ್ ಲಿಸ್ಟಿನಲ್ಲಿ ಬೈಯುವುದಕ್ಕೆ ಪ್ರಸಿದ್ಧ. 2018ರ ಸೆಪ್ಟೆಂಬರಿನಲ್ಲಿ ತಮ್ಮ ವರ್ತನೆಗೆ ಎಲ್ಲರೆದುರು ಕ್ಷಮೆ ಕೇಳಿ, ಕೆಲವು ವಾರ ಕೆಲಸದಿಂದ ದೂರವಿದ್ದು, ಅಕ್ಟೋಬರಿನಲ್ಲಿ ಮರಳಿದರು. ಅದೇ ಹೊತ್ತಿಗೆ ಕರ್ನಲ್ ಸಮುದಾಯ ಹೊಸ ನಡವಳಿಕೆ ನಿಯಮವನ್ನು ತಂದುಕೊಂಡಿತು.

ನಮ್ಮಲ್ಲಿ ತೊಂದರೆ ಹೆಚ್ಚಾಗಿ ಇದರ ತಿರುವುಮುರುವು: ಬೈಯುವುದಲ್ಲ, ಸುಮ್ಮನಿರುವುದು. ಕಾಲೇಜು ಮುಗಿಸಿ ಬಂದವರು ಹಿರಿಯರ ಕೋಡಿಗೆ ತಪ್ಪು ಹೇಳುವುದಿಲ್ಲ. ಹೆಸರು ಹಿಡಿದು ಕರೆಯಿರಿ ಎಂದರೆ ಎದುರಿಗೆ ಕರೆಯುತ್ತಾರೆ, ಮನಸ್ಸಿನಲ್ಲಿ ‘ಸರ್’ ಹಾಗೇ ಇರುತ್ತದೆ. ನಾನು ನನ್ನ ಪಿಆರ್‌ನಲ್ಲಿ ಅನುಮಾನವಿರುವ ಒಂದೆರಡು ಜಾಗಕ್ಕೆ ನಾನೇ “ಇಲ್ಲಿ ನನಗೆ ಗ್ಯಾರಂಟಿ ಇಲ್ಲ, ನೋಡಿ” ಎಂದು ಬರೆದು ಕಳಿಸುತ್ತೇನೆ. ಅಲ್ಲಿಂದ ಶುರುವಾದವರು ನಾನು ಗುರುತು ಹಾಕದ ಜಾಗಕ್ಕೂ ಬರುತ್ತಾರೆ.

ಹೆಜ್ಜೆ 7: ಜಗಳವಾದಾಗ

ಮೊದಲು, ಯಾವುದರ ಜಗಳ ಎಂದು ನೋಡಿ. ಮಾಹಿತಿಯದಾದರೆ ವಾದ ಬೇಡ, ಅಳೆಯಿರಿ. “ಈ ಕ್ವೆರಿ ನಿಧಾನ”, “ಇಲ್ಲ, ವೇಗವಾಗಿದೆ” ಎಂದು ನಲವತ್ತು ನಿಮಿಷ ಕೂಗಾಡಿದ ಇಬ್ಬರನ್ನು ಕಂಡಿದ್ದೇನೆ, ಓಡಿಸಿ ನೋಡಲು ನಾಲ್ಕು ನಿಮಿಷ ಸಾಕಿತ್ತು. ರುಚಿಯದಾದರೆ, ಕೋಡಿನ ಜೋಡಣೆಯನ್ನು ತಾನೇ ಸರಿಮಾಡುವ ಫಾರ್ಮ್ಯಾಟರ್‌ನಂಥ ಸಾಧನಕ್ಕೆ ಬಿಟ್ಟುಬಿಡಿ. ಟ್ಯಾಬೋ ಸ್ಪೇಸೋ ಎಂಬುದಕ್ಕೆ ಮನುಷ್ಯರು ಕೋಪಿಸಿಕೊಳ್ಳುವುದು ದಂಡ. ಉಳಿಯುವುದು ನಿಜವಾದ ಜಗಳ: ಎರಡೂ ದಾರಿ ಸರಿ, ಒಂದನ್ನೇ ಹಿಡಿಯಬೇಕು.

ಬರಹದಲ್ಲಿ ಎರಡು ಸುತ್ತು ಸಾಕು. ಮೂರನೇ ಉತ್ತರ ಟೈಪ್ ಮಾಡುತ್ತಿದ್ದೇನೆ ಎನ್ನಿಸಿದಾಗ ಕಾಲ್ ಮಾಡಿ. ಕಾಲ್‌ನಲ್ಲಿ ಮೊದಲ ಕೆಲಸ, ಎದುರಿನವರ ವಾದವನ್ನು ಅವರು “ಹೌದು, ಅದೇ ನಾನು ಹೇಳಿದ್ದು” ಎನ್ನುವ ಹಾಗೆ ಹೇಳಿ ತೋರಿಸುವುದು. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ, ಯಾಕೆಂದರೆ ಇಷ್ಟು ಹೊತ್ತು ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರಿಸುತ್ತಿರುತ್ತಾರೆ.

ಆದರೂ ಬಗೆಹರಿಯದಿದ್ದರೆ? ಇಂಟರ್ನೆಟ್ಟಿನ ಮಾನಕಗಳನ್ನು ಬರೆಯುವ ಐಇಟಿಎಫ್ ಕೂಟಗಳಲ್ಲಿ ಬಹುಕಾಲದ ಒಂದು ವಿಚಿತ್ರ ರೂಢಿಯಿದೆ. ಅಲ್ಲಿ ಮತ ಎಣಿಸಿ ತೀರ್ಮಾನಿಸುವುದಿಲ್ಲ. ಒಪ್ಪುವವರು ಬಾಯಿ ಮುಚ್ಚಿಕೊಂಡೇ “ಹೂಂ…” ಎಂದು ಗುನುಗುತ್ತಾರೆ, ಆಮೇಲೆ ಒಪ್ಪದವರು ಗುನುಗುತ್ತಾರೆ. ನಮ್ಮ ‘ಹೂಂ’ಗಿಂತ ಅವರದು ಪ್ರಾಮಾಣಿಕ! ಗುನುಗಿನ ಉದ್ದೇಶ ಗೆದ್ದವರನ್ನು ಹುಡುಕುವುದಲ್ಲ. ಒಪ್ಪದವರ ತಕರಾರು ಏನು, ಅದಕ್ಕೆ ಉತ್ತರ ಸಿಕ್ಕಿದೆಯೇ ಎಂದು ತಿಳಿಯುವುದು. ಇದರಿಂದ ನಾನು ತೆಗೆದುಕೊಂಡ ಪ್ರಶ್ನೆ: “ಎಲ್ಲರೂ ಓಕೇನಾ?” ಎಂದು ಕೇಳಬೇಡಿ, “ಇದರಲ್ಲಿ ಯಾರಿಗೆ ಏನು ಸರಿಬರುತ್ತಿಲ್ಲ?” ಎಂದು ಕೇಳಿ.

ತೀರ್ಮಾನ ಯಾರದು ಎಂಬುದು ಜಗಳಕ್ಕೆ ಮುಂಚೆಯೇ ಗೊತ್ತಿರಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೊನೆಯ ಮಾತು ಬಹುಕಾಲ ಅದನ್ನು ಹುಟ್ಟುಹಾಕಿದ ಗೈಡೊ ವಾನ್ ರಾಸಮ್ ಒಬ್ಬರದೇ ಆಗಿತ್ತು. 2018ರಲ್ಲಿ ‘:=’ ಎಂಬ ಪುಟ್ಟ ಗುರುತನ್ನು ಭಾಷೆಗೆ ಸೇರಿಸುವ ಬಗ್ಗೆ ಎದ್ದ ವಾದ ಎಷ್ಟು ಕಹಿಯಾಯಿತೆಂದರೆ, ಪ್ರಸ್ತಾಪವನ್ನು ಒಪ್ಪಿದ ಮೇಲೆ ಜುಲೈನಲ್ಲಿ ಅವರು ಆ ಸ್ಥಾನವನ್ನೇ ಬಿಟ್ಟರು. ಮುಂದಿನ ವರ್ಷ ಐದು ಜನರ ಚುನಾಯಿತ ಮಂಡಳಿ ಬಂತು. ನಿಮ್ಮ ತಂಡದಲ್ಲೂ ಎಲ್ಲ ತೀರ್ಮಾನ ಒಬ್ಬರ ಹೆಗಲಿಗೆ ಬೀಳುತ್ತಿದ್ದರೆ ಹಂಚಿ: ಡೇಟಾಬೇಸ್ ಒಬ್ಬರದು, ಎಪಿಐ ಇನ್ನೊಬ್ಬರದು.

ತೀರ್ಮಾನವಾದ ಮೇಲೆ ಹತ್ತು ಸಾಲು ಬರೆದು ಕೋಡಿನ ಜೊತೆಗೇ ಇಡಿ. ನಮ್ಮಲ್ಲಿ ತೀರ್ಮಾನವನ್ನು ಗೆದ್ದವರು ಬರೆಯುತ್ತಾರೆ, ‘ತಕರಾರು’ ಎಂಬ ಭಾಗವನ್ನು ಸೋತವರು ಬರೆಯುತ್ತಾರೆ, ಅವರ ಮಾತಿನಲ್ಲೇ, ಮತ್ತೆ ಯಾವಾಗ ನೋಡಬೇಕೆಂಬ ದಿನಾಂಕದ ಸಮೇತ. “ನಾನು ಆಗಲೇ ಹೇಳಿದ್ದೆ” ಎಂದು ಆಮೇಲೆ ಗೊಣಗುವ ಅಗತ್ಯವಿಲ್ಲ, ಫೈಲಿನಲ್ಲೇ ಇದೆ.

ಎಲ್ಲ ಜಗಳಕ್ಕೂ ಇದು ಮದ್ದಲ್ಲ. ನಿಮ್ಮ ಕೆಲಸವನ್ನು ತನ್ನದೆಂದು ಹೇಳಿಕೊಳ್ಳುವವರು, ಜಾತಿ, ಭಾಷೆ ಎತ್ತಿ ಹಂಗಿಸುವವರು ಇದ್ದರೆ ಅದು ಸಂವಹನದ ಸಮಸ್ಯೆಯಲ್ಲ. ದಿನಾಂಕ ಸಮೇತ ಬರೆದಿಟ್ಟು ಮೇಲಿನವರಿಗೆ ಲಿಖಿತವಾಗಿ ಕೊಡಿ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ನೇರ ಅಲ್ಲಿಗೆ ಹೋಗಿ. “ಕೂತು ಮಾತಾಡಿ ಸರಿಮಾಡಿಕೊಳ್ಳಿ” ಎನ್ನುವವರ ಮಾತು ಕೇಳಬೇಡಿ.

ಹೆಜ್ಜೆ 8: ಪ್ರೊಡಕ್ಷನ್ ಬಿದ್ದ ಮರುದಿನ

2017ರ ಜನವರಿ 31ರಂದು, ತಂಡಗಳ ಕೋಡ್ ಇಟ್ಟುಕೊಡುವ ಕಂಪನಿ ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ಬೇರೊಂದು ಸರ್ವರಿನಲ್ಲಿದ್ದೇನೆಂದುಕೊಂಡು ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ಟರು. ಸುಮಾರು ಆರು ಗಂಟೆಯ ಡೇಟಾ ಹೋಯಿತು. ಕಂಪನಿ ಹೊರಗೆ ಬಿಟ್ಟ ಟಿಪ್ಪಣಿಯಲ್ಲಿ ಅವರು ‘ಟೀಮ್ ಮೆಂಬರ್ 1’ ಅಷ್ಟೇ. ಹೆಸರು ಹುಡುಕುವುದು ಬಿಟ್ಟು ಯಾಕೆ ಎಂದು ಹುಡುಕಿದ್ದರಿಂದ ಸಿಕ್ಕಿದ್ದು ಇದು: ದಿನದ ಬ್ಯಾಕಪ್ ಸಾಫ್ಟ್‌ವೇರಿನ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು, ವಿಫಲವಾಯಿತೆಂದು ಹೋಗುತ್ತಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಆ ಎಂಜಿನಿಯರನ್ನು ಮನೆಗೆ ಕಳಿಸಿದ್ದರೆ ಆ ಇಮೇಲ್ ಸರಿಹೋಗುತ್ತಿತ್ತೇ?

ಮರುದಿನದ ಮೀಟಿಂಗಿನಲ್ಲಿ ಮೊದಲು ಗಂಟೆ-ನಿಮಿಷದ ಪಟ್ಟಿ ಮಾಡಿ. ಆಮೇಲೆ “ಆ ಹೊತ್ತಿನಲ್ಲಿ ಸ್ಕ್ರೀನ್ ಮೇಲೆ ನಿಮಗೆ ಏನು ಕಾಣುತ್ತಿತ್ತು?” ಎಂದು ಕೇಳಿ. “ಯಾಕೆ ಹಾಗೆ ಮಾಡಿದೆ?” ಎಂದಲ್ಲ.

ಹೆಜ್ಜೆ 9: ಟೀ ಅಂಗಡಿಯ ತೀರ್ಮಾನಗಳು

ಕನ್ನಡದವರಾದ ನಮಗೆ ಇದೊಂದು ವಿಶೇಷ ಎಚ್ಚರಿಕೆ. ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಸಿಕ್ಕಿಹಾಕಿಕೊಂಡದ್ದು ಕೆಳಗೆ ಟೀ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಬಿಡಿಸಿಕೊಳ್ಳುತ್ತದೆ. “ಏ ಗುರು, ಅದು ಹಂಗಲ್ಲ ಕಣೋ” ಎಂದು ಶುರುವಾದರೆ ಮುಗಿಯಿತು. ಚೆನ್ನಾಗಿಯೇ ಇದೆ, ಬಿಡಬೇಡಿ. ಆದರೆ ಅಲ್ಲಿಲ್ಲದ, ಕನ್ನಡ ಬಾರದ ಮೂರನೆಯವರಿಗೆ ಮರುದಿನ ಕೋಡ್ ನೋಡಿದಾಗಲೇ ವಿಷಯ ಗೊತ್ತಾಗುತ್ತದೆ. ಅವರು ಏನೂ ಹೇಳುವುದಿಲ್ಲ. ಮುಂದಿನ ಮೀಟಿಂಗಿನಿಂದ ಮಾತಾಡುವುದು ಕಡಿಮೆ ಮಾಡುತ್ತಾರೆ, ಅಷ್ಟೆ.

ಮೆಟ್ಟಿಲು ಹತ್ತುವ ಮೊದಲೇ ತಂಡದ ಚಾನೆಲ್ಲಿಗೆ ತಂಡದ ಭಾಷೆಯಲ್ಲಿ ಒಂದು ಮೆಸೇಜ್ ಹಾಕಿ: “ಟೀ ಕುಡಿಯುವಾಗ ನಾವಿಬ್ಬರು ಮಾತಾಡಿದೆವು. ರೀಫಂಡ್ ಸ್ಥಿತಿಯನ್ನು ಬೇರೆ ಟೇಬಲಿನಲ್ಲಿ ಇಡುವುದು ಒಳ್ಳೆಯದು ಅನ್ನಿಸಿದೆ, ಕಾರಣ ಹೀಗೆ. ಇನ್ನೂ ತೀರ್ಮಾನವಲ್ಲ. ಬೇಡ ಅನ್ನುವವರು ನಾಳೆ 12ರೊಳಗೆ ಹೇಳಿ.” ನಾನು ಮೊದಲ ಸಲ ಹಾಗೆ ಹಾಕಿದ್ದು ಒಂದು ಬುಧವಾರ. ಮರುದಿನ 11:40ಕ್ಕೆ ಭುವನೇಶ್ವರದ ಸಹೋದ್ಯೋಗಿಯಿಂದ ಉತ್ತರ ಬಂತು: ಬೇರೆ ಟೇಬಲ್ ಬೇಡ, ಹಾಗೆ ಮಾಡಿದರೆ ತಿಂಗಳ ಕೊನೆಯ ಲೆಕ್ಕದ ವರದಿ ಎರಡು ಸಲ ಎಣಿಸುತ್ತದೆ. ಹೋಗಿ ನೋಡಿದೆವು. ಎಣಿಸುತ್ತಿತ್ತು.